ಪ್ರೊಸೆಸರ್‌ನದೇನೂ ತಪ್ಪಿರಲಿಲ್ಲ, ಪ್ರೋಗ್ರಾಂ ಮಾತ್ರ ತೆವಳುತ್ತಿತ್ತು

ವಿಂಡೋಸ್‌ಗೆ ಬರೆದ ಹಳೆಯ ಫೋಟೊ ಕ್ಯಾಟಲಾಗ್ ಪ್ರೋಗ್ರಾಂ ಒಂದನ್ನು ಲಿನಕ್ಸ್‌ನಲ್ಲಿ ವೈನ್ ಮೂಲಕ ಓಡಿಸಬೇಕಿತ್ತು. ಓಡಿತು. ಆದರೆ ಒಂದು ಫೋಲ್ಡರ್ ತೆರೆದರೆ ಮುಗೀತು, ಪರದೆ ಹೆಪ್ಪುಗಟ್ಟಿದ ಹಾಗೆ. "ಎಮ್ಯುಲೇಟರ್ ಅಲ್ವಾ, ನಿಧಾನವೇ ಇರುತ್ತೆ" ಅಂದರು ಅದನ್ನು ಬಳಸುತ್ತಿದ್ದವರು.

ಅಲ್ಲ. ಎಮ್ಯುಲೇಟರ್ ಅಂದರೆ ಬೇರೊಂದು ಯಂತ್ರವನ್ನೇ ಅನುಕರಿಸುವ ಸಾಫ್ಟ್‌ವೇರ್. ವೈನ್ 1993ರಲ್ಲಿ ಶುರುವಾದ ಯೋಜನೆ. 'ವೈನ್ ಎಮ್ಯುಲೇಟರ್ ಅಲ್ಲ' ಅನ್ನುವುದನ್ನೇ ಅವರು ಹೆಸರಿನ ವಿಸ್ತರಣೆ ಮಾಡಿಕೊಂಡಿದ್ದಾರೆ. ಪ್ರೋಗ್ರಾಂನೊಳಗಿನ ಕೂಡು, ಕಳೆ, ಗುಣಿಸು ಎಲ್ಲ ನೇರವಾಗಿ ಪ್ರೊಸೆಸರ್ ಮೇಲೇ ನಡೆಯುತ್ತದೆ. ಫೈಲ್ ತೆರೆ, ಚಿತ್ರ ಬಿಡಿಸು, ಈ ಥ್ರೆಡ್ (ಪ್ರೋಗ್ರಾಂನೊಳಗೆ ಬೇರೆಯಾಗಿ ಓಡುವ ಕೆಲಸದ ಎಳೆ) ಕಾಯಲಿ ಎಂದು ವಿಂಡೋಸನ್ನು ಕೇಳಿದಾಗ ಮಾತ್ರ ವೈನ್ ನಡುವೆ ಬರುತ್ತದೆ. ಹಾಗಾಗಿ ನಿಧಾನವಾದಾಗ ನಾನು ಮೊದಲು ಹುಡುಕುವುದು ಒಂದೇ: ಯಾವ ಕೇಳಿಕೆ ಜಾಸ್ತಿ?

ಪ್ರೋಗ್ರಾಂ ಲಿನಕ್ಸನ್ನು ಏನೇನು ಕೇಳುತ್ತಿದೆ ಎಂದು ತೋರಿಸುವ ಸ್ಟ್ರೇಸ್ ಹಾಕಿ ನೋಡಿದೆ. ಒಂದೊಂದು ಫೋಟೊಗೂ ಫೋಲ್ಡರ್‌ನ ಪಟ್ಟಿಯನ್ನು ಮೊದಲಿನಿಂದ ಓದುತ್ತಿತ್ತು! ವಿಂಡೋಸ್‌ನಲ್ಲಿ ಫೈಲ್ ಹೆಸರಿನ ಅಕ್ಷರ ಕ್ಯಾಪಿಟಲ್ ಆದರೂ ಸ್ಮಾಲ್ ಆದರೂ ಒಂದೇ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಅವು ಬೇರೆ ಬೇರೆ ಫೈಲ್. ಪ್ರೋಗ್ರಾಂ ಕೇಳಿದ ಹೆಸರು ಹಾಗೇ ಸಿಕ್ಕರೆ ಸರಿ, ಸಿಗದಿದ್ದರೆ ವೈನ್ ಫೋಲ್ಡರ್‌ನ ಒಂದೊಂದೇ ಹೆಸರನ್ನು ಹೋಲಿಸಿ ಹುಡುಕಬೇಕು. ಅಲ್ಲಿದ್ದದ್ದು ಸುಮಾರು 40,000 ಫೋಟೊ. ಸರಾಸರಿ ಅರ್ಧ ಪಟ್ಟಿಯಲ್ಲೇ ಸಿಕ್ಕಿತು ಅಂದುಕೊಂಡರೂ 80 ಕೋಟಿ ಹೋಲಿಕೆ. ಪ್ರೋಗ್ರಾಂ ಕೇಳುತ್ತಿದ್ದದ್ದು ಎಲ್ಲ ಕ್ಯಾಪಿಟಲ್‌ನಲ್ಲಿ, ಡಿಸ್ಕ್‌ನಲ್ಲಿದ್ದದ್ದು ಎಲ್ಲ ಸ್ಮಾಲ್‌ನಲ್ಲಿ. ಡಿಸ್ಕ್‌ನಲ್ಲಿದ್ದ ಹೆಸರುಗಳನ್ನು ಒಮ್ಮೆಲೇ ಕ್ಯಾಪಿಟಲ್‌ಗೆ ಬದಲಾಯಿಸಿದೆ, ಫೋಲ್ಡರ್ ತಟ್ಟನೆ ತೆರೆಯಿತು.

ಆಟಗಳ ಕಥೆ ಬೇರೆ. ಚಿತ್ರ ಬಿಡಿಸಲು ವಿಂಡೋಸ್ ಆಟಗಳು ಆಡುವ ಡೈರೆಕ್ಟ್3ಡಿ ಮಾತನ್ನು ಡಿಎಕ್ಸ್‌ವಿಕೆ ಎಂಬ ಸಾಫ್ಟ್‌ವೇರ್, ಲಿನಕ್ಸ್‌ನಲ್ಲಿ ನಡೆಯುವ ವಲ್ಕನ್ ಮಾತಿಗೆ ತಿರುಗಿಸುತ್ತದೆ. ಹೊಸ ದೃಶ್ಯ ಬಂದಾಗ ಶೇಡರ್ (ಬಣ್ಣ, ಬೆಳಕು ಲೆಕ್ಕ ಹಾಕುವ ಪುಟ್ಟ ಪ್ರೋಗ್ರಾಂ) ಅಲ್ಲೇ ಕಂಪೈಲ್ ಆಗಬೇಕಾಗಿ, ಅಂದರೆ ಗ್ರಾಫಿಕ್ಸ್ ಚಿಪ್‌ನ ಭಾಷೆಗೆ ಬದಲಾಗಬೇಕಾಗಿ ಬಂದರೆ ಆಟ ಚೂರು ಮುಗ್ಗರಿಸುತ್ತದೆ. ಎರಡನೇ ಸಲ ಅದೇ ಜಾಗಕ್ಕೆ ಹೋದರೆ ಬಹುತೇಕ ಸರಾಗ. ಮೊದಲ ಹತ್ತು ನಿಮಿಷ ಆಡಿ 'ಲಿನಕ್ಸ್‌ನಲ್ಲಿ ಆಟ ಸರಿಯಿಲ್ಲ' ಅನ್ನುವವರ ಜತೆ ವಾದ ಮಾಡುವುದನ್ನೇ ನಾನು ಬಿಟ್ಟಿದ್ದೇನೆ.

ಇನ್ನೊಂದು ಇಕ್ಕಟ್ಟು ವೈನ್‌ನದೇ ಭಾಗವಾದ ವೈನ್‌ಸರ್ವರ್. ಥ್ರೆಡ್‌ಗಳು ಒಂದಕ್ಕೊಂದು ಕಾಯುವ ಲೆಕ್ಕವನ್ನೆಲ್ಲ ಈ ಒಂದೇ ಪ್ರಕ್ರಿಯೆ ಇಡುತ್ತಿತ್ತು. ಹತ್ತಾರು ಥ್ರೆಡ್ ಇರುವ ಆಟದಲ್ಲಿ ಎಲ್ಲವೂ ಅದರ ಮುಂದೆ ಸಾಲುಗಟ್ಟಿ ನಿಲ್ಲುತ್ತಿದ್ದವು. 2025ರ ಲಿನಕ್ಸ್ 6.14ರಲ್ಲಿ ಬಂದ ಎನ್‌ಟಿಸಿಂಕ್ ಆ ಕೆಲಸವನ್ನು ಲಿನಕ್ಸ್‌ನ ತಿರುಳಾದ ಕರ್ನಲ್‌ಗೇ ಕೊಡುತ್ತದೆ. ಆದರೆ ಇದರ ಲಾಭ ಎಲ್ಲ ಆಟಕ್ಕೂ ಸಮನಾಗಿ ಸಿಗುವುದಿಲ್ಲ. ಕಾಯುವಿಕೆಯೇ ಕಡಿಮೆ ಇರುವ ಆಟದಲ್ಲಿ ವ್ಯತ್ಯಾಸ ಗೊತ್ತೇ ಆಗದು.

ಪ್ರೊಸೆಸರ್ ಜಾತಿಯೇ ಬೇರೆಯಾದರೆ ಮಾತ್ರ ಆದೇಶಗಳನ್ನೇ ಅನುವಾದಿಸಬೇಕು. ಇಂಟೆಲ್ ಮ್ಯಾಕ್‌ಗೆ ಬರೆದ ಪ್ರೋಗ್ರಾಂಗಳನ್ನು ಆಪಲ್‌ನ ಸ್ವಂತ ಪ್ರೊಸೆಸರ್ ಮೇಲೆ ಓಡಿಸಲು 2020ರಲ್ಲಿ ಬಂದ ಆಪಲ್‌ನ ರೊಸೆಟ್ಟಾ 2 ಆದಷ್ಟು ಅನುವಾದವನ್ನು ಮೊದಲೇ ಮುಗಿಸಿ ಉಳಿಸಿಟ್ಟುಕೊಳ್ಳುತ್ತದೆ. ಅಲ್ಲಿನ ಖರ್ಚು ನಿಜವಾದ ಖರ್ಚು.

ಅಂದಹಾಗೆ, ಆ ಫೋಟೊ ಪ್ರೋಗ್ರಾಂ ಒಂದು ವಾರದ ಮೇಲೆ ಮತ್ತೆ ತೆವಳತೊಡಗಿತು. ಕ್ಯಾಮೆರಾದಿಂದ ಹೊಸದಾಗಿ ತುಂಬಿದ ಫೈಲ್‌ಗಳ ಹೆಸರು ಮತ್ತೆ ಸ್ಮಾಲ್ ಅಕ್ಷರದಲ್ಲೇ ಇದ್ದವು. ಈಗ ಹೆಸರು ತಿದ್ದುವ ನಾಲ್ಕು ಸಾಲಿನ ಸ್ಕ್ರಿಪ್ಟ್ ಒಂದು ಅಲ್ಲಿ ದಿನಾ ರಾತ್ರಿ ಓಡುತ್ತದೆ.