ಖಿನ್ನತೆಯ ಚಿಕಿತ್ಸೆಗೆ ಆರೋಗ್ಯ ವಿಮೆ ಹಣ ಕೊಡುತ್ತದೆಯೇ?

ಪ್ರಶ್ನೆ: ನನ್ನ ತಮ್ಮ ಎರಡು ತಿಂಗಳಿಂದ ಖಿನ್ನತೆಗಾಗಿ ಮನೋವೈದ್ಯರನ್ನು ಕಾಣುತ್ತಿದ್ದಾನೆ. ಮಾನಸಿಕ ಕಾಯಿಲೆಗೂ ವಿಮೆ ಕಡ್ಡಾಯವೆಂದು ಕೇಳಿದ್ದೆವು. ಆದರೂ ಕಂಪನಿಯವರು ನಮ್ಮ ಕ್ಲೇಮನ್ನು ತಿರಸ್ಕರಿಸಿದ್ದಾರೆ. ಏಕೆ?

ಉತ್ತರ: ನೀವು ಕೇಳಿದ್ದು ನಿಜ. ದೇಹದ ಕಾಯಿಲೆಗೆ ಯಾವ ಆಧಾರದ ಮೇಲೆ ವಿಮೆ ದೊರೆಯುತ್ತದೆಯೋ ಅದೇ ಆಧಾರದ ಮೇಲೆ ಮಾನಸಿಕ ಕಾಯಿಲೆಗೂ ದೊರೆಯಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21(4)ನೇ ಕಲಮು ಹೇಳುತ್ತದೆ. ಕಾಯ್ದೆ 2018ರ ಮೇ ತಿಂಗಳಲ್ಲಿ ಜಾರಿಗೆ ಬಂತು. ಎಲ್ಲ ಪಾಲಿಸಿಗಳೂ ಅದಕ್ಕೆ ಒಳಪಡಲು ವಿಮಾ ನಿಯಂತ್ರಣ ಪ್ರಾಧಿಕಾರವು 2022ರ ಅಕ್ಟೋಬರ್ 31ರ ಗಡುವು ವಿಧಿಸಬೇಕಾಯಿತು.

ತೊಡಕಿರುವುದು ‘ಅದೇ ಆಧಾರ’ ಎಂಬ ಮಾತಿನಲ್ಲೇ. ಸಾಮಾನ್ಯ ಪಾಲಿಸಿಗಳು ಆಸ್ಪತ್ರೆಗೆ ದಾಖಲಾಗಿ ಕನಿಷ್ಠ 24 ಗಂಟೆ ಉಳಿದವರ ಖರ್ಚನ್ನು ಭರಿಸುತ್ತವೆ. ಖಿನ್ನತೆಯಿಂದ ಬಳಲುವ ಬಹುಪಾಲು ಜನರಿಗಾದರೋ ಬೇಕಾಗುವುದು ತಿಂಗಳುಗಟ್ಟಲೆ ಮಾತ್ರೆ ಮತ್ತು ಆಪ್ತಸಮಾಲೋಚನೆಯೇ ಹೊರತು ಹಾಸಿಗೆಯಲ್ಲ. ಹೀಗಾಗಿ ಕಾಯ್ದೆಯ ಪಾಲನೆಯಾದರೂ ಹೊರರೋಗಿಯ ವೆಚ್ಚ ಮನೆಯವರ ಮೇಲೆಯೇ ಬೀಳುತ್ತದೆ. ಇದನ್ನು ಸಮಾನತೆಯೆಂದು ಒಪ್ಪಲು ನನಗೆ ಸಾಧ್ಯವಿಲ್ಲ.

ವಿಮೆ ಯಾವ ಬಗೆಯದು ಎಂಬುದೂ ಮುಖ್ಯ. ಸ್ವಂತ ಪಾಲಿಸಿಯಲ್ಲಿ, ಕೊಳ್ಳುವ ಮೊದಲೇ ಇದ್ದ ಕಾಯಿಲೆಗೆ 36 ತಿಂಗಳವರೆಗೂ ಕಾಯಬೇಕಾಗಬಹುದು. ಆ ಭಯದಿಂದ ಕಾಯಿಲೆಯನ್ನು ಮುಚ್ಚಿಟ್ಟರೆ ಮುಂದೆ ಕ್ಲೇಮ್ ನಿರಾಕರಿಸಲು ಅದೇ ಕಾರಣವಾಗುತ್ತದೆ. ಕಂಪನಿಗಳು ನೌಕರರಿಗೆ ಮಾಡಿಸುವ ಗುಂಪು ವಿಮೆಯಲ್ಲಿ ಈ ಕಾಯುವಿಕೆ ಎಷ್ಟೋ ಬಾರಿ ಇರುವುದಿಲ್ಲ, ಆದರೆ ಕೆಲಸ ಬಿಟ್ಟ ದಿನ ಆ ರಕ್ಷಣೆಯೂ ಹೋಗುತ್ತದೆ. ಕಾಯಿಲೆಯಿಂದಲೇ ಕೆಲಸ ಬಿಡುವವರಿಗೆ ಇದು ಎರಡು ಪಟ್ಟು ಏಟು. ಆಯುಷ್ಮಾನ್ ಭಾರತ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ರಕ್ಷಣೆ ಕೊಟ್ಟರೂ ಅದು ಒಳರೋಗಿಗಳಿಗೆ ಮಾತ್ರ. ಹೊರರೋಗಿಯ ತಪಾಸಣೆ, ಔಷಧಿ ಎರಡೂ ಸಿಗುವುದು ನೌಕರರ ರಾಜ್ಯ ವಿಮೆ, ಅಂದರೆ ಇಎಸ್‌ಐಯಲ್ಲಿ. ಆದರೆ ಅದರ ವೇತನ ಮಿತಿ ತಿಂಗಳಿಗೆ 21,000 ರೂಪಾಯಿ.

ಈಗ ತಿರಸ್ಕಾರದ ಪತ್ರವನ್ನು ಮತ್ತೊಮ್ಮೆ ಓದಿ. ಹೊರರೋಗಿ ಚಿಕಿತ್ಸೆಗೆ ಅವಕಾಶವಿಲ್ಲ ಎಂದಿದ್ದರೆ, ಮುಂದಿನ ನವೀಕರಣದಲ್ಲಿ ಆ ಸೌಲಭ್ಯವಿರುವ ಪಾಲಿಸಿಯನ್ನು ವಿಚಾರಿಸಿ. ಮಾನಸಿಕ ಕಾಯಿಲೆಯೇ ವ್ಯಾಪ್ತಿಗೆ ಬರುವುದಿಲ್ಲ ಎಂದು ಬರೆದಿದ್ದರೆ ಅದು ಕಾಯ್ದೆಗೆ ವಿರುದ್ಧ. ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ, ಅಲ್ಲಿ ನ್ಯಾಯ ಸಿಗದಿದ್ದರೆ ಇಂಥ ದೂರುಗಳನ್ನು ಇತ್ಯರ್ಥಪಡಿಸುವ ವಿಮಾ ಒಂಬುಡ್ಸ್‌ಮನ್‌ಗೆ ಲಿಖಿತ ದೂರು ಕೊಡಿ. ಅಲ್ಲಿಯವರೆಗೆ ಹಣದ ಚಿಂತೆಯಿಂದ ತಮ್ಮನ ಮಾತ್ರೆಗಳನ್ನು ಮಾತ್ರ ನಿಲ್ಲಿಸಬೇಡಿ; ಸರ್ಕಾರದ ಉಚಿತ ಸಹಾಯವಾಣಿ ಟೆಲಿ ಮನಸ್‌ಗೆ 14416 ಸಂಖ್ಯೆಯಲ್ಲಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.