ಪದ ಪರಿಚಯ: ಅಪೌಷ್ಟಿಕತೆಯ ಸ್ಕ್ರೀನಿಂಗ್

ಅಪೌಷ್ಟಿಕತೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಎಲುಬು ಕಾಣುವ ಮಗು. ಆಸ್ಪತ್ರೆಯ ವಾರ್ಡಿನಲ್ಲಿ ಅದು ಹಾಗೇ ಕಾಣಬೇಕೆಂದೇನಿಲ್ಲ. 62 ವರ್ಷದ ಒಬ್ಬರು ಶ್ವಾಸಕೋಶದ ಹಳೆಯ ಕಾಯಿಲೆ ಉಲ್ಬಣಿಸಿ ದಾಖಲಾಗಿದ್ದಾರೆ ಎಂದುಕೊಳ್ಳಿ. ಎತ್ತರ 165 ಸೆಂ.ಮೀ., ತೂಕ 72 ಕೆ.ಜಿ., ತುಸು ಹೊಟ್ಟೆಯೂ ಇದೆ. ಆರು ತಿಂಗಳ ಹಿಂದೆ 82 ಕೆ.ಜಿ. ಇದ್ದರು. ಪಥ್ಯ ಮಾಡಿದ್ದಲ್ಲ, ತಾನಾಗಿಯೇ ಇಳಿದದ್ದು. ನೋಡಿದವರಿಗೆ ಸಂಶಯ ಬರುವುದಿಲ್ಲ. ಇಂಥವರನ್ನು ಹಿಡಿಯುವ ಜರಡಿಯೇ ಸ್ಕ್ರೀನಿಂಗ್.

ಜರಡಿ ಎಂದದ್ದು ಬೇಕೆಂದೇ. ಇದು ರೋಗನಿರ್ಣಯವಲ್ಲ. ದಾಖಲಾದ ಒಂದೆರಡು ದಿನದೊಳಗೆ ನರ್ಸ್ ಕೆಲವೇ ನಿಮಿಷಗಳಲ್ಲಿ ಕೇಳಿ, ಅಳೆದು ಅಂಕ ಹಾಕುತ್ತಾರೆ. ಅಪಾಯವಿದೆ ಎಂದು ಬಂದವರನ್ನು ಡಯಟೀಶಿಯನ್ ಕೂಲಂಕಷವಾಗಿ ಪರೀಕ್ಷಿಸುತ್ತಾರೆ. 2018ರಲ್ಲಿ ಪ್ರಕಟವಾದ ‘ಗ್ಲಿಮ್’ ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲೂ ಸ್ಕ್ರೀನಿಂಗ್ ಮೊದಲ ಮೆಟ್ಟಿಲು, ನಿರ್ಣಯ ಎರಡನೆಯದು.

ಜರಡಿಗಳು ಹಲವು, ಕಣ್ಣಿನ ಅಳತೆ ಬೇರೆ ಬೇರೆ. ಬ್ರಿಟನ್ನಿನ ‘ಮಸ್ಟ್’ ನೋಡುವುದು ಬಿಎಂಐ (ಎತ್ತರಕ್ಕೆ ತೂಕ ಎಷ್ಟು ಹೊಂದುತ್ತದೆ ಎಂಬ ಲೆಕ್ಕ), 3ರಿಂದ 6 ತಿಂಗಳಲ್ಲಿ ಇಳಿದ ತೂಕ, ತೀವ್ರ ಕಾಯಿಲೆಯಿಂದ 5 ದಿನಕ್ಕೂ ಹೆಚ್ಚು ಊಟವಿಲ್ಲದಿರುವುದು. ನಮ್ಮ ರೋಗಿಯ ಬಿಎಂಐ 26; ಅದಕ್ಕೆ ಸೊನ್ನೆ. ತೂಕ ಮಾತ್ರ ಶೇ. 12ರಷ್ಟು ಇಳಿದಿದೆ, ಅದಕ್ಕೆ 2 ಅಂಕ. ಮಸ್ಟ್‌ನಲ್ಲಿ 2 ಬಂದರೆ ಹೆಚ್ಚಿನ ಅಪಾಯ.

ಇದೇ ರೋಗಿಯನ್ನು ಯುರೋಪಿನ ‘ಎನ್‌ಆರ್‌ಎಸ್-2002’ಕ್ಕೆ ಹಾಕಿ. ಅದರ ಕಣ್ಣು ಕೊನೆಯ 3 ತಿಂಗಳ ಮೇಲೆ. ತೂಕ ಒಂದೇ ಸಮನೆ ಇಳಿದಿದ್ದರೆ ಆ ಅವಧಿಯದು ಶೇ. 6ರ ಆಸುಪಾಸು, 1 ಅಂಕ. ಕಾಯಿಲೆಗೆ ಇನ್ನೊಂದು. ಊಟ ಸರಿಯಾಗಿ ಸೇರುತ್ತಿದ್ದರೆ ಒಟ್ಟು 2. ಅಲ್ಲಿ 3 ಬಂದರೆ ಮಾತ್ರ ಅಪಾಯ, ಇವರು ನುಸುಳಿಬಿಟ್ಟರು! 70 ದಾಟಿದ್ದರೆ ವಯಸ್ಸಿಗೇ 1 ಅಂಕ ಸೇರಿ ಸಿಕ್ಕಿಬೀಳುತ್ತಿದ್ದರು.

ಹಾಗಾದರೆ ಯಾವುದು ಒಳ್ಳೆಯದು? ಜರಡಿಗಳನ್ನು ಹೋಲಿಸುವಾಗ ಎರಡು ಪದ ಬರುತ್ತವೆ. ನಿಜವಾಗಿ ಸೊರಗಿದವರಲ್ಲಿ ಎಷ್ಟು ಜನ ಸಿಕ್ಕರು ಎಂಬುದು ಸೂಕ್ಷ್ಮತೆ. ಚೆನ್ನಾಗಿರುವವರಲ್ಲಿ ಎಷ್ಟು ಜನರನ್ನು ಸುಮ್ಮನೆ ಬಿಟ್ಟಿತು ಎಂಬುದು ನಿರ್ದಿಷ್ಟತೆ. ತೊಡಕಿರುವುದು ‘ನಿಜವಾಗಿ’ ಎಂಬಲ್ಲಿ. ಎಲ್ಲರೂ ಒಪ್ಪುವ ಒಂದೇ ಒರೆಗಲ್ಲು ಇಲ್ಲ. ಒಂದು ಅಧ್ಯಯನ ವೈದ್ಯರ ದೇಹಪರೀಕ್ಷೆಯನ್ನು ನೆಚ್ಚುವ ‘ಎಸ್‌ಜಿಎ’ಗೆ ಹೋಲಿಸುತ್ತದೆ, ಇನ್ನೊಂದು ಗ್ಲಿಮ್‌ಗೆ. ಒರೆಗಲ್ಲು ಬದಲಾದರೆ ಗೆಲ್ಲುವ ಜರಡಿಯೂ ಬದಲಾಗಬಹುದು.

ನನಗೆ ಹೆಚ್ಚು ಮೆಚ್ಚುಗೆಯಾದದ್ದು 1999ರಲ್ಲಿ ಆಸ್ಟ್ರೇಲಿಯಾದಲ್ಲಿ ರೂಪುಗೊಂಡ ‘ಎಂಎಸ್‌ಟಿ’. ಅದರಲ್ಲಿ ತಕ್ಕಡಿಯೇ ಬೇಡ. ತೂಕ ಇಳಿದಿದೆಯಾ, ಹಸಿವು ಕಮ್ಮಿಯಾಗಿ ಊಟ ಬಿಟ್ಟಿದ್ದೀರಾ ಎಂಬ ಪ್ರಶ್ನೆಗಳಷ್ಟೇ. ತೂಕದ ಪ್ರಶ್ನೆಗೆ ‘ಗೊತ್ತಿಲ್ಲ’ ಎಂದರೂ 2 ಅಂಕ, ಅಲ್ಲಿಗೆ ಅಪಾಯದ ಗೆರೆ ಮುಟ್ಟಿದಂತೆ. ಜನ್ಮದಲ್ಲಿ ತೂಕ ನೋಡಿಕೊಳ್ಳದ ನಮ್ಮ ಹಳ್ಳಿಯ ಅಜ್ಜಿಯರಿಗೆ ಇದು ಎಷ್ಟು ಮುಖ್ಯ! ಅವರಿಗೆ ಕೆ.ಜಿ. ಲೆಕ್ಕ ಗೊತ್ತಿರದು, ಆದರೆ ಕೇಳಿ ನೋಡಿ, ‘ಬಳೆ ಮೊಣಕೈ ತನಕ ಜಾರ್ತದೆ ಕಣಮ್ಮ’ ಎನ್ನುತ್ತಾರೆ. ಆ ಮಾತನ್ನು ಕೇಸ್ ಶೀಟಿನಲ್ಲಿ ಬರೆದುಕೊಳ್ಳಬೇಕು.

ಎದ್ದು ನಿಲ್ಲಲಾಗದವರಿಗೆ ಮಸ್ಟ್‌ನಲ್ಲೂ ದಾರಿಯಿದೆ: ರಟ್ಟೆಗೆ ಟೇಪು ಸುತ್ತಿ. ಸುತ್ತಳತೆ 23.5 ಸೆಂ.ಮೀ.ಗಿಂತ ಕಡಿಮೆ ಬಂದರೆ ಬಿಎಂಐ 20ರ ಕೆಳಗಿರುವ ಸಂಭವ ಹೆಚ್ಚು.