ಕಮಾನುಗಳ ಬೀದಿಯಲ್ಲಿ ನಡಿಗೆ ತುಂಡಾಗುವ ಜಾಗ

ಹಳೆಯ ಪೇಟೆಬೀದಿಯನ್ನು ನಡೆಯುವವರಿಗೆ ಒಪ್ಪುವಂತೆ ರೂಪಿಸಿಕೊಡಿ ಎಂದು ನನ್ನ ಬಳಿ ಬರುವವರ ಕಣ್ಣ ಮುಂದೆ ಆಗಲೇ ಒಂದು ಚಿತ್ರವಿರುತ್ತದೆ: ಗ್ರಾನೈಟ್ ಹಾಸು, ಬೆಂಚು, ಹಳೇ ಕಾಲದ ನಮೂನೆಯ ದೀಪದ ಕಂಬ. ನಾನು ಅವರಿಗೆ ಹೇಳುವುದು, ಮುಂಬಯಿಯ ಫೋರ್ಟ್ ಪ್ರದೇಶಕ್ಕೆ ಹೋಗಿ ದಾದಾಭಾಯಿ ನವರೋಜಿ ರಸ್ತೆಯಲ್ಲಿ ಮಳೆಗಾಲದಲ್ಲೊಮ್ಮೆ ನಡೆಯಿರಿ ಎಂದು.

1860ರ ದಶಕದಲ್ಲಿ ಕೋಟೆಗೋಡೆ ಕೆಡವಿದ ಮೇಲೆ ಅಗಲಗೊಂಡ ರಸ್ತೆಯಿದು; ಆಗ ಹಾರ್ನ್‌ಬಿ ರಸ್ತೆ. ಇಲ್ಲಿ ಕಟ್ಟುವವರು ನೆಲಮಹಡಿಯಲ್ಲಿ ಪಾದಚಾರಿಗಳಿಗೆ ಕಮಾನುಸಾಲು ಬಿಡಬೇಕೆಂದು 1896ರಲ್ಲಿ ಸರ್ಕಾರ ನಿಯಮ ಮಾಡಿತು. ಮೇಲಿನ ಮಹಡಿಗಳ ಶೈಲಿ ಗೋಥಿಕ್ಕೋ ಇಂಡೋ-ಸಾರ್ಸೆನಿಕ್ಕೋ, ಮಾಲೀಕರ ಇಷ್ಟ. ಕೆಳಗೆ ಮಾತ್ರ ಎಲ್ಲರಿಗೂ ಒಂದೇ ಕಟ್ಟಳೆ. ಉಡುಪಿ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ, ಬೀದಿಯುದ್ದಕ್ಕೂ ಜಗಲಿ. ಫೋರ್ಟ್‌ನ ಹೋಟೆಲುಗಳಲ್ಲಿ ದುಡಿದ ನಮ್ಮವರು ಎಷ್ಟೋ ಮಂದಿ ಕೊಡೆ ಬಿಚ್ಚದೆ ಇದರಡಿ ಓಡಾಡಿದ್ದಾರೆ.

ಅಂದರೆ ನೆರಳು, ಸೂರು, ಅಂಗಡಿ ಎಲ್ಲವೂ ಇವೆ. ನಡಿಗೆ ತುಂಡಾಗುವುದು ಅಡ್ಡಗಲ್ಲಿ ಬಂದು ಸೇರುವಲ್ಲಿ. ಕಮಾನಿನಿಂದ ಒಂದು ಮೆಟ್ಟಿಲು ಇಳಿ, ತಿರುಗುವ ಟ್ಯಾಕ್ಸಿಗೆ ಕಾದು ದಾಟು, ಮತ್ತೆ ಹತ್ತು. ಮೊಣಕಾಲು ನೋವಿನವರು, ಗಾಲಿಕುರ್ಚಿಯವರು ಇಲ್ಲೇ ಸೋಲುತ್ತಾರೆ. ಫುಟ್‌ಪಾತಿನ ಅಂಚು 150 ಮಿಲಿಮೀಟರಿಗಿಂತ ಎತ್ತರವಿರಬಾರದು, ಅಡ್ಡಿಯಿಲ್ಲದ ಅಗಲ ಕನಿಷ್ಠ 1.8 ಮೀಟರ್ ಇರಬೇಕು ಎಂದಿತು ಹೆದ್ದಾರಿ ಎಂಜಿನಿಯರುಗಳ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿ. ನನ್ನ ಕೈಗೆ ಹಣ ಕೊಟ್ಟರೆ ಮೊದಲ ಕಂತು ಗಲ್ಲಿಯ ಬಾಯಿಗೆ: ಅಲ್ಲಿ ರಸ್ತೆಯನ್ನೇ ಫುಟ್‌ಪಾತಿನ ಮಟ್ಟಕ್ಕೆ ಎತ್ತಿ, ವಾಹನ ತಿರುಗುವ ಮೂಲೆಯನ್ನು ಬಿಗಿ ಮಾಡುವುದು. ಆಗ ಏರಿಳಿಯುವ ಕಷ್ಟ ವಾಹನದ್ದು, ವೇಗವೂ ತಾನಾಗಿ ತಗ್ಗುತ್ತದೆ. ಮಳೆನೀರು ಎತ್ತರಿಸಿದ ಭಾಗದ ಹಿಂದೆ ನಿಲ್ಲದಂತೆ ಮೋರಿಯ ಜಾಲರಿಯನ್ನು ನೀರು ಹರಿದುಬರುವ ಕಡೆಗೆ ಸರಿಸಬೇಕು; ನಕ್ಷೆಗಳಲ್ಲಿ ಬಿಟ್ಟುಹೋಗುವುದು ಇದೇ.

ಬೀದಿಯ ಒಂದು ತುದಿಯಲ್ಲಿ, ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ರೈಲು ನಿಲ್ದಾಣದ ಬಳಿ, ಕಥೆ ಬೇರೆ. ಅಲ್ಲಿ ಬಹುಕಾಲ ಪಾದಚಾರಿಯನ್ನು ಒಂದೋ ನೆಲದಡಿಗೆ ಇಳಿಸಿದರು, ಇಲ್ಲವೇ ಮೇಲಕ್ಕೆ ಹತ್ತಿಸಿದರು. ಪಕ್ಕದ ಹಿಮಾಲಯ ಪಾದಚಾರಿ ಸೇತುವೆ 2019ರ ಮಾರ್ಚ್ 14ರ ಸಂಜೆ ಕುಸಿದು ಜನ ಸತ್ತರು. ಸೇತುವೆಯನ್ನು ಮತ್ತೆ ಕಟ್ಟಿದ್ದಾರೆ, ಸರಿ. ಆದರೂ ರೈಲಿಳಿದು ಕಚೇರಿಗೆ ಓಡುವವನು ನೇರವಾಗಿ ರಸ್ತೆಯನ್ನೇ ನೋಡುತ್ತಾನೆ. ಅವನಿಗೆ ಬೇಕಾದದ್ದು ಸಾಕಷ್ಟು ಹೊತ್ತು ಹಸಿರಾಗಿರುವ ಸಿಗ್ನಲ್. ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾರೆ ಎಂದು ಲೆಕ್ಕ ಹಿಡಿದರೆ 20 ಮೀಟರ್ ದಾಟಲು ಸುಮಾರು 17 ಸೆಕೆಂಡು. ಆ ವೇಗ ಗಟ್ಟಿಮುಟ್ಟಾದವರದು. ಅಜ್ಜಿಯ ಕೈಹಿಡಿದವರಿಗೆ ರಸ್ತೆಯ ನಡುವೆ ನಿಲ್ಲಲು ಒಂದು ದ್ವೀಪವೂ ಬೇಕು.

ಈ ಬೀದಿಯ ಸುಧಾರಣೆ ಕೆಲಸಕ್ಕೆ 2004ರಲ್ಲಿ ಯುನೆಸ್ಕೊದ ಏಷ್ಯಾ-ಪೆಸಿಫಿಕ್ ಪರಂಪರೆ ಮನ್ನಣೆ ಸಿಕ್ಕಿತು. ಅಂಗಡಿಗಳ ಫಲಕಗಳು ಕಮಾನನ್ನು ಮುಚ್ಚದಂತೆ ಶಿಸ್ತಿಗೆ ತಂದದ್ದು ಅದರಲ್ಲಿ ಮುಖ್ಯ ಕೆಲಸ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಚೆನ್ನಾಗಿ ಆದ ಬೀದಿ ಸುಧಾರಣೆ ಅಪರೂಪ.

ಬೀದಿ ವ್ಯಾಪಾರಿಗಳ ಮಾತು ಬಂದೇ ಬರುತ್ತದೆ. ಎಬ್ಬಿಸುವುದು ಸುಲಭವೆಂದು ತಿಳಿದವರು 2014ರ ಕಾಯ್ದೆಯನ್ನು ಓದಲಿ. ವ್ಯಾಪಾರಿಗಳ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ತೆರವು ಮಾಡುವಂತಿಲ್ಲ. ಕಂಬ ಕಂಬಗಳ ನಡುವಿನ ಜಾಗ ಅವರಿಗೆ, ಕಂಬದಿಂದ ಅಂಗಡಿಯವರೆಗಿನ ದಾರಿ ನಡೆಯುವವರಿಗೆ ಎಂದು ನೆಲದ ಮೇಲೆಯೇ ಗೆರೆ ಎಳೆಯಬಹುದು. ಆದರೆ ಆ ಗೆರೆ ಎಳೆಯುವ ಮೊದಲು, ಅಂಗಡಿಗಳಿಗೆ ಸರಕು ಯಾವ ಹೊತ್ತಿಗೆ ಎಲ್ಲಿ ಇಳಿಯುತ್ತದೆಂದು ಹಮಾಲರನ್ನು ಕೇಳಿಕೊಳ್ಳಿ. ಕೈಗಾಡಿ ನಿಲ್ಲಿಸಲು ಜಾಗ ಬಿಡದಿದ್ದರೆ ಅದು ನಿಲ್ಲುವುದು ಕಮಾನಿನೊಳಗೇ.